ಶಿವನಸಮುದ್ರದ ಕರೆಂಟು, ಕೋಲಾರದ ಚಿನ್ನ: ಒಂದೇ ಕಸುಬು ನಂಬಿದ ಗಣಿ ಊರಿನ ಕತೆ

ಕೊಳ್ಳೇಗಾಲ: ಸತ್ತೇಗಾಲ ದಾಟಿ ಮಳವಳ್ಳಿ ಕಡೆ ಹೋಗುವವರಿಗೆ ಶಿವನಸಮುದ್ರದ ಬ್ಲಫ್ ಗೊತ್ತಿಲ್ಲದ ಜಾಗವೇನಲ್ಲ. ಭಾನುವಾರ ಮಕ್ಕಳನ್ನು ಕರ್ಕೊಂಡು ಭರಚುಕ್ಕಿ, ಗಗನಚುಕ್ಕಿ ನೋಡಿ, ಕಡಲೆಕಾಯಿ ತಿಂದು ವಾಪಸ್ ಬರೋದು ರೂಢಿ. ಅಲ್ಲಿ ಕೆಳಗಿರುವ ಹಳೇ ಕರೆಂಟ್ ಸ್ಟೇಷನ್ 1902ರ ಜೂನ್ 30ರಂದು ಶುರುವಾಯಿತು ಅನ್ನೋದೂ ಹಲವರು ಕೇಳಿರುತ್ತಾರೆ.

ಆದರೆ ಅವತ್ತು ಆ ಕರೆಂಟು ಹೋಗಿದ್ದು ಎಲ್ಲಿಗೆ? ಪಕ್ಕದ ಕೊಳ್ಳೇಗಾಲಕ್ಕಲ್ಲ, ಮಹಾರಾಜರು ಇದ್ದ ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ. 147 ಕಿ.ಮೀ ತಂತಿ ಎಳೆದು ಅದನ್ನು ಒಯ್ದಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಲು ಇನ್ನೂ ಮೂರು ವರ್ಷ ಬೇಕಾಯಿತು, ಅಂದರೆ 1905ರ ಆಗಸ್ಟ್. ಮೈಸೂರಿಗೆ ಬಂದಿದ್ದು 1908ರಲ್ಲಿ.

ಕಾವೇರಿ ನೀರಿನ ಬಲದಿಂದ ನೂರು ವರ್ಷ ನಡೆದ ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿ ನಿಂತರೂ ಊರು ಅಲ್ಲೇ ಉಳಿಯಿತು. ಸಿನಿಮಾದಲ್ಲಿ ಕೆಜಿಎಫ್ ನೋಡಿದವರಿಗೆ ಯಶ್ ಗೊತ್ತು, ನರಾಚಿ ಗೊತ್ತು. ನರಾಚಿ ಕಟ್ಟುಕತೆ. ನಿಜವಾದ ಕೆಜಿಎಫ್‌ನಲ್ಲಿ ನಡೆದದ್ದನ್ನು ತಿಳಿದುಕೊಳ್ಳೋಕೆ ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಎರಡು ಕಾರಣ ಇದೆ. ಒಂದು, ಆ ಊರು ಬೆಳೆದದ್ದು ಇಲ್ಲಿಯ ನೀರಿನಿಂದ. ಇನ್ನೊಂದು, ಕಲ್ಲು ಒಡೆದು ಬದುಕುವ ಜನ ಈ ಜಿಲ್ಲೆಯಲ್ಲೂ ಇದ್ದಾರೆ.

ಕಲ್ಲಿದ್ದಲು ತಗೋ ಅಂದರು, ಚಿನ್ನವೇ ಬೇಕು ಅಂದ

ಕೋಲಾರದ ಮಣ್ಣಲ್ಲಿ ಚಿನ್ನ ಇದೆ ಅನ್ನೋದು ಸ್ಥಳೀಯರಿಗೆ ಬ್ರಿಟಿಷರಿಗಿಂತ ಬಹಳ ಮೊದಲೇ ಗೊತ್ತಿತ್ತು. ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಗಡಿಯ ಸರ್ವೆ ಮಾಡಲು ಬಂದಿದ್ದ ಜಾನ್ ವಾರೆನ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ 1802ರಲ್ಲಿ ಈ ಮಾತು ಕೇಳಿ, ಚಿನ್ನ ತೋರಿಸಿದವರಿಗೆ ಬಹುಮಾನ ಅಂತ ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನ ಎದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಅವನು ಅದನ್ನು ಬರೆದಿಟ್ಟ. ಆಮೇಲೆ ಎಪ್ಪತ್ತು ವರ್ಷ ದೊಡ್ಡ ಕೆಲಸವೇನೂ ಆಗಲಿಲ್ಲ.

ನ್ಯೂಜಿಲೆಂಡ್ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದು ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಕಣ್ಣಿಗೆ ವಾರೆನ್ ಬರಹ ಬಿತ್ತು. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಇರೋದು ಇವನದೇ ಹೆಸರು. 1873ರಲ್ಲಿ ಅವನು ಮೈಸೂರು ಸರ್ಕಾರಕ್ಕೆ ಗಣಿ ಪರವಾನಗಿ ಕೇಳಿ ಅರ್ಜಿ ಹಾಕಿದ. ಚಿನ್ನ ಹುಡುಕೋದು ಆಗದ ಕೆಲಸ ಅಂದುಕೊಂಡ ಅಧಿಕಾರಿಗಳು ಕಲ್ಲಿದ್ದಲು ಬೇಕಾದರೆ ತೆಗೆ ಅಂದರು. ಅವನು ಬಿಡಲಿಲ್ಲ, ಚಿನ್ನವೇ ಬೇಕು ಅಂತ ಹಟ ಹಿಡಿದ. 1875ರ ಫೆಬ್ರವರಿ 2ರಂದು 20 ವರ್ಷದ ಗುತ್ತಿಗೆ ಸಿಕ್ಕಿತು.

ಲ್ಯಾವೆಲ್ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಕೊನೆಗೆ 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಹೀಗೆ ಒಂದೊಂದೇ ಗಣಿ ಎದ್ದವು. ಕುರುಚಲು ಕಾಡಿದ್ದ ಜಾಗದಲ್ಲಿ ಬಂಗಲೆ, ಕ್ಲಬ್, ಚರ್ಚ್, ಆಸ್ಪತ್ರೆ ಬಂದು ಸಾಹೇಬರು ಅದನ್ನು ಚಿಕ್ಕ ಇಂಗ್ಲೆಂಡ್ ಅಂತ ಕರೆದರು.

ಸೌದೆಯಿಂದ ಕರೆಂಟಿಗೆ

ಆಳದ ಗಣಿಗೆ ಮೂರು ಕೆಲಸಕ್ಕೆ ಶಕ್ತಿ ಬೇಕು. ಒಳಗೆ ಒಸರುವ ನೀರನ್ನು ಮೇಲಕ್ಕೆ ಎತ್ತಬೇಕು. ಆಳುಗಳನ್ನೂ ಕಲ್ಲನ್ನೂ ತೊಟ್ಟಿಲಿನಲ್ಲಿ ಇಳಿಸಿ ಹತ್ತಿಸಬೇಕು. ಮೇಲೆ ಬಂದ ಕಲ್ಲನ್ನು ಪುಡಿ ಮಾಡಬೇಕು. ಇದೆಲ್ಲ ಉಗಿ ಇಂಜಿನ್ನಿನಲ್ಲಿ ನಡೀತಿತ್ತು. ಇಂಜಿನ್ನಿಗೆ ಸೌದೆ, ಕಲ್ಲಿದ್ದಲು ಹಾಕಬೇಕು. ಸುತ್ತಲ ಕಾಡಿನ ಸೌದೆ ಕರಗುತ್ತಾ ಬಂತು. ಕಲ್ಲಿದ್ದಲು ಮೈಸೂರು ಸೀಮೆಯಲ್ಲಿ ಸಿಗೋದಿಲ್ಲ, ದೂರದಿಂದ ರೈಲಲ್ಲಿ ತರಬೇಕು, ಖರ್ಚು ಜಾಸ್ತಿ.

ಆಗ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲ. ಕಾವೇರಿ ಶಿವನಸಮುದ್ರದಲ್ಲಿ ಸುಮಾರು 400 ಅಡಿ ಕೆಳಗಿಳಿಯುತ್ತದೆ, ಆ ನೀರಿನಿಂದ ವಿದ್ಯುತ್ ತಯಾರಿಸಿ ಗಣಿಗೆ ಮಾರಬಹುದು ಅಂತ ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಎಂಜಿನಿಯರ್ ಡಿ ಲಾಟ್ಬಿನಿಯರ್ ಯೋಜನೆ ಸಿದ್ಧ ಮಾಡಿದರು. ಅಷ್ಟು ದೂರ ಕರೆಂಟು ಒಯ್ದ ಉದಾಹರಣೆ ಆಗ ಜಗತ್ತಲ್ಲೇ ಬಹಳ ಕಡಿಮೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಯಂತ್ರ ಕೊಟ್ಟಿತು. ಹಡಗಿನಲ್ಲಿ, ರೈಲಿನಲ್ಲಿ ಬಂದ ಭಾರೀ ಯಂತ್ರಗಳನ್ನು ಬ್ಲಫ್‌ವರೆಗೆ ತಂದಿದ್ದು ಎತ್ತಿನ ಗಾಡಿಗಳು, ಆನೆಗಳು. ಮೊದಲು ಹಾಕಿದ್ದು 720 ಕಿಲೋವ್ಯಾಟಿನ ಆರು ಜನರೇಟರ್. ಯೋಜನೆಗೆ ಬೆನ್ನೆಲುಬಾಗಿದ್ದ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ದೀಪ ಹತ್ತಿದ್ದನ್ನು ನೋಡಲಿಲ್ಲ. ಸ್ಟೇಷನ್ನಿಗೆ ಈಗ ಇರೋದು ಅವರ ಹೆಸರೇ.

ಇದು ಇಷ್ಟಕ್ಕೇ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಗಣಿಗೆ ವರ್ಷವಿಡೀ ಕೊಡಬೇಕೆಂದರೆ ಮೇಲೆಲ್ಲೋ ನೀರು ಕಟ್ಟಿ ನಿಲ್ಲಿಸಬೇಕು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ ಮಂಡ್ಯದ ಬಯಲಿನ ನೀರಾವರಿ ಜೊತೆಗೆ ಇದೂ ಒಂದು ಮುಖ್ಯ ಕಾರಣ. ಇವತ್ತು ಕೆಆರ್‌ಎಸ್ ಅಂದರೆ ಭತ್ತ, ಕಬ್ಬು, ಕುಡಿಯುವ ನೀರು ಅಂತ ಎಲ್ಲರೂ ಹೇಳ್ತಾರೆ. ಅದರ ಲೆಕ್ಕದಲ್ಲಿ ಕೋಲಾರದ ಚಿನ್ನವೂ ಇತ್ತು.

ಗಡಿ ಆಚೆ, ಗಡಿ ಈಚೆ

ಆಗಿನ ಗಡಿಗಳು ಬೇರೆ ಇದ್ದವು ಅನ್ನೋದು ಇಲ್ಲಿ ನೆನಪಿರಬೇಕು. ಕೊಳ್ಳೇಗಾಲ ತಾಲೂಕು, ಅದರೊಳಗೇ ಇದ್ದ ಹನೂರು ಕಡೆ ಎಲ್ಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಕೊಳ್ಳೇಗಾಲ ಮೈಸೂರಿಗೆ ಬಂದಿದ್ದು 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆ ಆದಾಗ.

ಕೆಜಿಎಫ್ ಕತೆ ಇದಕ್ಕೆ ತಿರುಗಾಮುರುಗಾ. ಕನ್ನಡ ಮಾತಾಡುವ ಕೊಳ್ಳೇಗಾಲ ತಮಿಳು ಜಿಲ್ಲೆಯೊಂದರ ಮೂಲೆಯಲ್ಲಿದ್ದರೆ, ಮೈಸೂರು ಸೀಮೆಯ ಒಳಗೇ ತಮಿಳು ಮಾತಾಡುವ ದೊಡ್ಡ ಊರೊಂದು ಬೆಳೆಯುತ್ತಿತ್ತು. ಎರಡು ಭಾಷೆ ಬೆರೆತ ಬದುಕು ಏನು ಅನ್ನೋದನ್ನು ಹನೂರು, ರಾಮಾಪುರ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ಗೊಂದಲ ಮಾತ್ರ ಬೇಡ. ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟ ಬೇತಮಂಗಲ ಕೆರೆ ಪಾಲಾರ್ ನದಿಯದ್ದು. ಮಲೆ ಮಹದೇಶ್ವರ ಬೆಟ್ಟದ ಆಚೆ ತಮಿಳುನಾಡು ಗಡಿಯಲ್ಲಿ ಸಿಗುವ ಪಾಲಾರ್ ಬೇರೆ, ಅದು ಬೇರೆ.

ಒಳಗೆ ಇಳಿದವರು ಯಾರು?

ಗಣಿಗೆ ಹಣ ಹಾಕಿದ್ದು ಲಂಡನ್, ಮೇಲ್ವಿಚಾರಣೆಗೆ ಬಂದಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿ ಕೆಲಸಗಾರರು, ಆಂಗ್ಲೋ ಇಂಡಿಯನ್ನರು. ಕಲ್ಲು ಕೊರೆದು ಹೊತ್ತಿದ್ದು ಬಹುಪಾಲು ದಲಿತರು. ಸೇಲಂ, ಧರ್ಮಪುರಿ, ಉತ್ತರ ಆರ್ಕಾಟ್ ಕಡೆಯ ತಮಿಳರು, ಚಿತ್ತೂರು ಕಡೆಯ ತೆಲುಗರು. ಊರಲ್ಲಿ ಭೂಮಿ ಇಲ್ಲ, ಮೇಲೆ ಬರ ಬೇರೆ, ಗೌಡರ ಮನೆ ಮುಂದೆ ಕೈಕಟ್ಟಿ ನಿಲ್ಲೋದು ಬೇಡ ಅಂತ ಮೇಸ್ತ್ರಿಗಳ ಹಿಂದೆ ಹೊರಟು ಬಂದವರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಆಳುಗಳ ಲೆಕ್ಕ 20 ಸಾವಿರ ದಾಟಿತ್ತು.

ಇವರಿಗೆ ಕೊಟ್ಟಿದ್ದು ಸಾಲು ಮನೆ. ಅದನ್ನು ಲೈನು ಅಂತಲೇ ಕರೀತಾರೆ, ಇವತ್ತಿಗೂ ಅದೇ ಹೆಸರು. ಮೊದಲು ಬಿದಿರಿನ ತಟ್ಟಿ ಗುಡಿಸಲು, ಆಮೇಲೆ ಒಂದೇ ಕೋಣೆಯ ಶೀಟಿನ ಮನೆ. ಬಂಗಲೆಯಲ್ಲಿ ದೀಪ ಉರಿಯುತ್ತಿದ್ದ ಕಾಲದಲ್ಲೂ ಲೈನಿನ ಬದುಕು ಬಹಳ ಇಕ್ಕಟ್ಟಿನದ್ದು.

ಆದರೂ ಆ ಊರು ಜನರಿಗೆ ಒಂದನ್ನು ಕೊಟ್ಟಿತು: ಹಳ್ಳಿಯ ಜಾತಿ ಕಟ್ಟಿನಿಂದ ಬಿಡುಗಡೆ, ತಿಂಗಳ ಕೂಲಿ, ಮಕ್ಕಳಿಗೆ ಶಾಲೆ. ಅಯೋತಿ ದಾಸರ್ ಅವರ ಬೌದ್ಧ ಚಳವಳಿಯ ಶಾಖೆ 1900ರ ದಶಕದಲ್ಲೇ ಮಾರಿಕುಪ್ಪಂನಲ್ಲಿ ಶುರುವಾಗಿತ್ತು. ಆಮೇಲೆ ಅಂಬೇಡ್ಕರ್ ವಿಚಾರ, ಕಮ್ಯುನಿಸ್ಟ್ ಸಂಘಟನೆ ಎರಡೂ ಗಟ್ಟಿಯಾಗಿ ಬೇರೂರಿದವು. 1930ರಲ್ಲಿ ಆಳುಗಳ ಬೆರಳಚ್ಚು ತಗೊಂಡು ನೋಂದಣಿ ಮಾಡುವ ನಿಯಮ ಬಂದಾಗ, ನಾವೇನು ಕಳ್ಳರಾ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದರು. 1946ರ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಕೆಜಿಎಫ್‌ನಲ್ಲಿ ನವೆಂಬರ್ 4 ಇವತ್ತಿಗೂ ಹುತಾತ್ಮರ ದಿನ.

ಎರಡು ಮೈಲಿ ಕೆಳಗೆ

ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿ.ಮೀಗೂ ಹೆಚ್ಚು ಆಳಕ್ಕೆ ಇಳಿಯಿತು. ಬಿಳಿಗಿರಿರಂಗನ ಬೆಟ್ಟದ ಎತ್ತರದ ಶಿಖರ ಸಮುದ್ರ ಮಟ್ಟದಿಂದ ಎರಡು ಕಿ.ಮೀ ಸಹ ಇಲ್ಲ. ಅದನ್ನು ತಲೆಕೆಳಗು ಮಾಡಿ ಇಟ್ಟರೂ ಗಣಿಯ ತಳ ಸಿಗೋದಿಲ್ಲ. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ಮೇಲೆ. ಯಂತ್ರದಿಂದ ತಂಪು ಗಾಳಿ ಇಳಿಸದಿದ್ದರೆ ಯಾರೂ ನಿಲ್ಲೋಕೆ ಆಗಲ್ಲ.

ಅದಕ್ಕಿಂತ ದೊಡ್ಡ ಭಯ ಬಂಡೆ ಸಿಡಿಯೋದು. ಮೇಲಿನ ಭಾರಕ್ಕೆ ಒಳಗಿನ ಬಂಡೆ ಬಿಗಿದು ನಿಂತಿರುತ್ತದೆ. ಪಕ್ಕದಲ್ಲಿ ಕೊರೆದಾಗ ಆ ಬಿಗಿ ಒಮ್ಮೆಲೇ ಸಡಿಲಾಗಿ ಕಲ್ಲು ಸಿಡಿಮದ್ದಿನ ಹಾಗೆ ಹಾರುತ್ತದೆ. ಮೇಲಿದ್ದ ಮನೆಗಳೂ ಅಲುಗುತ್ತಿದ್ದವು. ಪಾತ್ರೆ ಅಲುಗಿದರೆ ಲೈನಿನ ಹೆಂಗಸರು ಶಾಫ್ಟ್ ಕಡೆ ಓಡಬೇಕಿತ್ತು, ಇಳಿದವರು ಹತ್ತಿ ಬರುತ್ತಾರಾ ಅಂತ ನೋಡಲು.

ಸದ್ದಿಲ್ಲದೆ ಕೊಂದಿದ್ದು ಧೂಳು. ಬಂಡೆಯಲ್ಲಿರುವ ಸಿಲಿಕಾ ಕೊರೆಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದು ಹೊರಗೆ ಬರೋದಿಲ್ಲ. ಕೂತ ಜಾಗ ಗಂಟು ಕಟ್ಟುತ್ತದೆ, ವರ್ಷ ಕಳೆದಂತೆ ಶ್ವಾಸಕೋಶ ಹಿಗ್ಗುವ ಶಕ್ತಿ ಕಳೆದುಕೊಳ್ಳುತ್ತದೆ. ಇದಕ್ಕೆ ಸಿಲಿಕೋಸಿಸ್ ಅಂತ ಹೆಸರು. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದೇ ಕೋಲಾರದ ಗಣಿಯಿಂದ, 1934ರಲ್ಲಿ. 1940ರಿಂದ 46ರ ನಡುವೆ 7,653 ಆಳುಗಳನ್ನು ತಪಾಸಣೆ ಮಾಡಿದಾಗ ಶೇ 43.7ರಷ್ಟು ಜನರಲ್ಲಿ ಅದು ಕಂಡಿತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಇದಕ್ಕೆ ಗುಣವಾಗುವ ಮದ್ದು ಇವತ್ತಿಗೂ ಇಲ್ಲ, ಕ್ಷಯ ತಗುಲುವ ಅಪಾಯವೂ ಜಾಸ್ತಿ.

ಚಿನ್ನ ಇದ್ದೂ ಮುಚ್ಚಿದ್ದು ಯಾಕೆ?

ಚಿನ್ನ ಖಾಲಿಯಾಗಿ ಗಣಿ ಮುಚ್ಚಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಪೂರ್ತಿ ಸರಿಯಲ್ಲ. ಲೆಕ್ಕ ಅಂಗಡಿಯವರಿಗೆ ಸುಲಭವಾಗಿ ಅರ್ಥವಾಗುತ್ತದೆ.

ಶುರುವಿನಲ್ಲಿ ಮೇಲ್ಪದರದ ಒಂದು ಟನ್ ಕಲ್ಲಿನಿಂದ ಹತ್ತಾರು ಗ್ರಾಂ ಚಿನ್ನ ಸಿಗ್ತಿತ್ತು. ಕೊನೆಗಾಲಕ್ಕೆ ಅದು ಮೂರು ಗ್ರಾಂ ಆಸುಪಾಸಿಗೆ ಇಳಿಯಿತು. ಅಂದರೆ ಒಂದು ಸಣ್ಣ ಉಂಗುರದ ಚಿನ್ನಕ್ಕೆ ಸಾವಿರ ಕೆಜಿ ಕಲ್ಲನ್ನು ಕಿಲೋಮೀಟರುಗಟ್ಟಲೆ ಕೆಳಗಿಂದ ಎತ್ತಬೇಕು. ನೀರು ಎತ್ತೋದು, ಗಾಳಿ ಇಳಿಸೋದು, ಆಳು ಇಳಿಸೋದು, ಎಲ್ಲ ಖರ್ಚೂ ಆಳದ ಜೊತೆ ಏರುತ್ತದೆ. ಮಾಲು ಕಡಿಮೆ, ಸಾಗಣೆ ಜಾಸ್ತಿ ಆದ ವ್ಯಾಪಾರ ಎಷ್ಟು ದಿನ ನಡೆಯುತ್ತದೆ?

ಮೈಸೂರು ಸರ್ಕಾರ 1956ರಲ್ಲಿ ಗಣಿಗಳನ್ನು ವಶಕ್ಕೆ ತಗೊಂಡಾಗ ಹಸನಾದ ಭಾಗ ಆಗಲೇ ಬ್ರಿಟನ್ನಿಗೆ ಹೋಗಿ ಆಗಿತ್ತು. 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಹಲವು ವರ್ಷ ಇಲ್ಲಿಯ ಚಿನ್ನವನ್ನು ಸರ್ಕಾರ ಪೇಟೆ ದರಕ್ಕಿಂತ ಬಹಳ ಕಡಿಮೆಯ ಅಂತಾರಾಷ್ಟ್ರೀಯ ನಿಗದಿ ದರದಲ್ಲೇ ತಗೊಂಡಿತು. ಪುಸ್ತಕದಲ್ಲಿ ನಷ್ಟ ಬೆಳೆಯಿತು. 1992ರಲ್ಲಿ ರೋಗಗ್ರಸ್ತ ಉದ್ದಿಮೆಗಳ ಮಂಡಳಿಗೆ ಕಡತ ಹೋಯಿತು.

ಬಾಗಿಲು ಹಾಕಿದ 2001ರಲ್ಲಿ 10 ಗ್ರಾಂ ಚಿನ್ನದ ಬೆಲೆ ನಾಲ್ಕೂವರೆ ಸಾವಿರ ರೂಪಾಯಿ ಆಸುಪಾಸು. ಈಗ ಲಕ್ಷ ದಾಟಿದೆ. ಚಿನ್ನ ತೀರಾ ಅಗ್ಗವಾಗಿದ್ದ ಹೊತ್ತಿನಲ್ಲೇ ಗಣಿಗೆ ಬೀಗ ಬಿತ್ತು. 120 ವರ್ಷದಲ್ಲಿ ಆ ನೆಲದಿಂದ ತೆಗೆದ ಒಟ್ಟು ಚಿನ್ನ 800 ಟನ್ ಮೇಲೆ.

ಬೀಗ ಬಿದ್ದ ಮಾರನೇ ದಿನ

ಅವತ್ತು ಕೆಲಸ ಕಳೆದುಕೊಂಡವರು ಮೂರು ಸಾವಿರಕ್ಕೂ ಹೆಚ್ಚು. ಸಂಖ್ಯೆ ದೊಡ್ಡದು ಅನ್ನಿಸದೇ ಇರಬಹುದು. ಆದರೆ ಆ ಊರಿನಲ್ಲಿ ಮನೆ ಗಣಿಯದ್ದು, ಆಸ್ಪತ್ರೆ ಗಣಿಯದ್ದು, ನೀರು ಗಣಿಯದ್ದು, ಶಾಲೆ ಗಣಿಯದ್ದು. ಒಂದು ಸಂಸ್ಥೆ ನಿಂತರೆ ಇಷ್ಟೂ ಒಟ್ಟಿಗೆ ನಿಲ್ಲುತ್ತದೆ. ಪಂಪು ನಿಂತಿದ್ದರಿಂದ ಸುರಂಗಗಳಲ್ಲಿ ನೀರು ತುಂಬಿತು. ಕೊಟ್ಟ ಪರಿಹಾರದ ಬಗ್ಗೆ, ಇರುವ ಮನೆ ಯಾರ ಹೆಸರಿಗೆ ಅನ್ನೋದರ ಬಗ್ಗೆ ಎಷ್ಟೋ ವರ್ಷ ತಗಾದೆ ನಡೆಯಿತು.

ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಅಂಗಡಿಗಳು ಗಣಿ ಸಂಬಳದ ಮೇಲೆ ನಿಂತಿದ್ದವು. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯವರಿಗೂ, ಹನೂರಿನ ದಿನಸಿ ಅಂಗಡಿಯವರಿಗೂ ಸಾಲದ ಪುಸ್ತಕ ಅಂದರೆ ಏನು ಅಂತ ಗೊತ್ತು. ಕೊಂಡುಕೊಳ್ಳುವವರಿಗೆಲ್ಲ ಸಂಬಳ ಬರೋದು ಒಂದೇ ಕಡೆಯಿಂದ ಅಂತಾದರೆ, ಅಲ್ಲಿ ಬೀಗ ಬಿದ್ದ ದಿನ ಆ ಪುಸ್ತಕದ ಪ್ರತಿ ಪುಟವೂ ಒಟ್ಟಿಗೇ ಬಾಕಿಯಾಗುತ್ತದೆ.

ಹಾಗಂತ ಊರು ಖಾಲಿಯಾಗಲಿಲ್ಲ. 2011ರ ಜನಗಣತಿಯಲ್ಲೂ ಅಲ್ಲಿ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನ ಇದ್ದರು. ಊರನ್ನು ಉಳಿಸಿದ್ದು ರೈಲು. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ಸ್ಟೇಷನ್ನಿನಿಂದ ಸಾವಿರಾರು ಜನ ಬೆಂಗಳೂರಿಗೆ ಹೊರಡುತ್ತಾರೆ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಹೋಗಿ ಬರೋದು ಸುಮಾರು 200 ಕಿ.ಮೀ. ಭೂಮಿಯೊಳಗೆ ಇಳಿದವರ ಮಕ್ಕಳು ಸೆಕ್ಯೂರಿಟಿ, ಕಚೇರಿ, ಆಸ್ಪತ್ರೆ, ಸಾಫ್ಟ್‌ವೇರ್ ಹೀಗೆ ಸಿಕ್ಕ ಕಡೆ ಸೇರಿಕೊಂಡರು. ಅಲ್ಲಿ ಶುರುವಾದ ಬೆಮೆಲ್ ಕಾರ್ಖಾನೆಯೂ ಒಂದಷ್ಟು ಜನರ ಕೈ ಹಿಡಿಯಿತು.

ಇನ್ನೊಂದು ಉಳಿಕೆ ಸೈನೈಡ್ ಗುಡ್ಡ. ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದು ಮಣ್ಣನ್ನು ಊರ ಪಕ್ಕವೇ ಸುರಿದರು. ಹಾಗೆ ಎದ್ದ 13 ದಿಬ್ಬಗಳಲ್ಲಿ 3 ಕೋಟಿ ಟನ್ನಿಗಿಂತ ಹೆಚ್ಚು ಮಣ್ಣಿದೆ. ಸಿನಿಮಾದವರಿಗೆ ಅದು ಒಳ್ಳೆ ಲೊಕೇಷನ್. ಗಾಳಿ ಕಾಲದಲ್ಲಿ ಅದರ ಧೂಳು ನುಗ್ಗೋದು ಲೈನಿನ ಮನೆಗಳಿಗೆ. ಅದರಲ್ಲಿ ಇನ್ನೂ ಉಳಿದಿರುವ ಚಿನ್ನದ ಅಂಶ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು.

ಈ ಕಡೆಯವರು ನೋಡಬೇಕಾದ್ದು

ಚಾಮರಾಜನಗರ ಜಿಲ್ಲೆಯ ಕರಿಕಲ್ಲಿಗೆ ಹೊರದೇಶದಲ್ಲೂ ಹೆಸರಿದೆ. ಇಲ್ಲಿಯ ಕ್ವಾರಿಗಳು ಕೋಲಾರದಷ್ಟು ಆಳಕ್ಕೆ ಹೋಗಿಲ್ಲ ನಿಜ, ಆದರೆ ಅಪಾಯ ಆಳದಲ್ಲಿ ಮಾತ್ರ ಇರೋದಿಲ್ಲ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲೂಕಿನ ಮಡಹಳ್ಳಿಯ ಕ್ವಾರಿಯಲ್ಲಿ ಬಂಡೆ ಕುಸಿದು ಕಾರ್ಮಿಕರು ಸತ್ತದ್ದು ಜಿಲ್ಲೆಯವರು ಮರೆತಿಲ್ಲ. ಗ್ರಾನೈಟ್ ಕೊರೆದಾಗ, ಕ್ರಷರ್‌ನಲ್ಲಿ ಜಲ್ಲಿ ಒಡೆದಾಗ, ಕಲ್ಲು ಕತ್ತರಿಸಿ ಪಾಲಿಶ್ ಮಾಡಿದಾಗ ಏಳುವ ಧೂಳಿನಲ್ಲೂ ಅದೇ ಸಿಲಿಕಾ ಇದೆ.

ಕೋಲಾರ ಎಂಬತ್ತು ವರ್ಷದ ಹಿಂದೆ ದುಬಾರಿ ಬೆಲೆ ಕೊಟ್ಟು ಕಲಿತ ಪಾಠಗಳು ಸರಳವಾಗಿವೆ. ಕೊರೆಯುವ ಜಾಗಕ್ಕೆ ನೀರು ಬಿಟ್ಟರೆ ಧೂಳು ಏಳೋದು ಬಹಳ ಕಡಿಮೆಯಾಗುತ್ತದೆ. ಟವೆಲ್ ಕಟ್ಟಿಕೊಂಡರೆ ಸಣ್ಣ ಸಿಲಿಕಾ ಪುಡಿ ತಡೆಯೋದಿಲ್ಲ, ಅದಕ್ಕೆ ಸರಿಯಾದ ಮಾಸ್ಕ್ ಬೇಕು. ಗಣಿ ಕಾರ್ಮಿಕರಿಗೆ ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಮಾಡಿಸುವುದು ಮಾಲೀಕರ ಹೊಣೆ ಅಂತ ಕಾನೂನು ಹೇಳುತ್ತದೆ. ಸಿಲಿಕೋಸಿಸ್ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ, ಪರಿಹಾರಕ್ಕೂ ಅವಕಾಶ ಇದೆ. ಆದರೆ ಎಲ್ಲಿ, ಎಷ್ಟು ವರ್ಷ ಕೆಲಸ ಮಾಡಿದ್ದು ಅನ್ನೋದಕ್ಕೆ ದಾಖಲೆ ಬೇಕು. ಕೂಲಿ ಚೀಟಿ, ಹಾಜರಿ, ಎಕ್ಸ್‌ರೇ ಎತ್ತಿಟ್ಟುಕೊಂಡವರಿಗೆ ಮುಂದೆ ಕೇಳೋಕೆ ಒಂದು ಆಧಾರ ಇರುತ್ತದೆ.

ಊರಿಗೂ ಒಂದು ಪಾಠ ಇದೆ. ಕೊಳ್ಳೇಗಾಲಕ್ಕೆ ರೇಷ್ಮೆ ಇದೆ, ಬೇಸಾಯ ಇದೆ, ಬೆಟ್ಟಕ್ಕೆ ಹೋಗುವ ಮಾದಪ್ಪನ ಭಕ್ತರ ವ್ಯಾಪಾರ ಇದೆ, ಕಲ್ಲೂ ಇದೆ. ಒಂದು ವರ್ಷ ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ಕೆಜಿಎಫ್‌ಗೆ ಇದ್ದದ್ದು ಒಂದೇ. ಜಗತ್ತಿಗೇ ಬೇಕಾದ ಚಿನ್ನ ಕಾಲ ಕೆಳಗಿದ್ದರೂ ಆ ಊರಿನವರು ಈಗ ನಂಬಿರೋದು ಬೆಳಗಿನ ಜಾವದ ರೈಲನ್ನು.

ಬ್ಲಫ್‌ನ ಸ್ಟೇಷನ್ ಇವತ್ತೂ 42 ಮೆಗಾವ್ಯಾಟ್ ಸಾಮರ್ಥ್ಯದಲ್ಲಿ ನಡೀತಿದೆ. ಮುಂದಿನ ಸಲ ಮಕ್ಕಳ ಜೊತೆ ಗಗನಚುಕ್ಕಿಗೆ ಹೋದಾಗ, ಈ ಕರೆಂಟು ಮೊದಲು ಹೋಗಿದ್ದು ಎಲ್ಲಿಗೆ ಅಂತ ಅವರನ್ನು ಕೇಳಿ ನೋಡಬಹುದು. ಯಶ್ ಹೆಸರು ಹೇಳಿದರೆ, ಲೈನಿನ ಮನೆಗಳಿಂದ ಎದ್ದು ತೊಟ್ಟಿಲು ಹತ್ತಿ ಕೆಳಗಿಳಿದವರ ಕತೆಯನ್ನೂ ಹೇಳಬಹುದು.